ಸರ್ವರ್ ಡೌನ್ ಅಲ್ಲ, ನಾವೇ ಕಾಯಲಿಲ್ಲ

ಮಾನ್ಯ ಸಂಪಾದಕರೇ,

ಕೌಂಟರ್‌ಗಳಲ್ಲಿ ‘ಸರ್ವರ್ ಡೌನ್’ ಬೋರ್ಡ್ ತೂಗುಹಾಕಿ ಜನರನ್ನು ಕಾಯಿಸುತ್ತಾರೆ ಅಂತ ಓದುಗರು ಆಗಾಗ ಬೈಯುತ್ತಿರುತ್ತಾರೆ. ಬೈಯುವುದು ಸರಿಯೇ. ಆದರೆ ಎಷ್ಟೋ ಸಲ ಸರ್ವರ್ ಪಾಪ ಚೆನ್ನಾಗಿಯೇ ಇರುತ್ತದೆ, ಕೆಟ್ಟಿರುವುದು ಕಂಪ್ಯೂಟರ್‌ಗಳನ್ನು ನೆಟ್‌ವರ್ಕಿಗೆ ಜೋಡಿಸುವ ನಡುವಿನ ಪೆಟ್ಟಿಗೆ, ಅಂದರೆ ಸ್ವಿಚ್. ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ನಾನೇ ಒಂದು ಸಲ ಹಾಗೆ ಕೆಡಿಸಿದ್ದೇನೆ.

ಜಯನಗರದ ಒಂದು ಕಚೇರಿ, 11 ಹಳೇ ಸ್ವಿಚ್‌ಗಳು. ಶನಿವಾರ ರಾತ್ರಿ ಅವುಗಳ ಫರ್ಮ್‌ವೇರ್ (ಸ್ವಿಚ್ಚನ್ನು ಓಡಿಸುವ ಒಳಗಿನ ಸಾಫ್ಟ್‌ವೇರ್) ಬದಲಿಸಬೇಕಿತ್ತು. ಒಂದೊಂದಕ್ಕೂ ಲಾಗಿನ್ ಆಗುತ್ತಾ ಕೂತರೆ ಬೆಳಗಾಗುತ್ತದೆ ಅಂತ ಆನ್ಸಿಬಲ್ ಪ್ಲೇಬುಕ್, ಅಂದರೆ ಎಲ್ಲ ಸ್ವಿಚ್‌ಗಳಿಗೂ ತಾನೇ ಕಮಾಂಡ್ ಕೊಡುವ ಸ್ಕ್ರಿಪ್ಟ್ ಬರೆದಿದ್ದೆವು. ಪರೀಕ್ಷೆಗೆ, ಯಾವ ವರ್ಷನ್ ಇದೆ ಅಂತ ಕೇಳುವ ‘ಶೋ ವರ್ಷನ್’ ಕಮಾಂಡ್ ಓಡಿಸಿದಾಗ ಉತ್ತರ ತಕ್ಷಣ ಬಂದಿತ್ತು, ಅದೇ ಧೈರ್ಯ. ರಾತ್ರಿ ಮೊದಲ ಸ್ವಿಚ್‌ಗೇ ಅರ್ಧ ನಿಮಿಷದಲ್ಲಿ ಕೆಂಪಕ್ಷರ ಬಂತು: ಟೈಮ್‌ಔಟ್. ಜೊತೆಗಿದ್ದ ಹುಡುಗ ‘ಹ್ಯಾಂಗ್ ಆಗಿದೆ ಸಾರ್, ಆಫ್ ಮಾಡಿ ಆನ್ ಮಾಡ್ಲಾ?’ ಅಂದ. ನಾನು ‘ಮಾಡಪ್ಪ’ ಅಂದೆ. ತಪ್ಪು ನನ್ನದೇ.

ಸ್ವಿಚ್ ಹ್ಯಾಂಗ್ ಆಗಿರಲಿಲ್ಲ. ಫ್ಲ್ಯಾಶ್‌ನಲ್ಲಿ (ಸ್ವಿಚ್ ಫೈಲ್ ಇಟ್ಟುಕೊಳ್ಳುವ ಮೆಮೊರಿ) ಜಾಗ ಸಾಲದೆ ಹಳೇ ಇಮೇಜ್, ಅಂದರೆ ಫರ್ಮ್‌ವೇರ್ ಫೈಲ್ ಅಳಿಸಿ ಹೊಸದನ್ನು ಬಿಚ್ಚುತ್ತಾ ಕೂತಿತ್ತು. ಕರೆಂಟ್ ಕೊಟ್ಟಾಗ ಫ್ಯಾನ್ ಜೋರಾಗಿ ಕಿರುಚಿತು, ಆಮೇಲೆ ದೀಪ ಹಸಿರಾಗಲೇ ಇಲ್ಲ. ಲ್ಯಾಪ್‌ಟಾಪನ್ನು ನೇರವಾಗಿ ಸ್ವಿಚ್‌ಗೆ ಜೋಡಿಸುವ ಕನ್ಸೋಲ್ ಕೇಬಲ್ ತಂದಿರಲಿಲ್ಲ. ಭಾನುವಾರ ಎಸ್‌ಪಿ ರೋಡಿನಲ್ಲಿ ಗೊತ್ತಿದ್ದ ಅಂಗಡಿ ಮುಚ್ಚಿತ್ತು. ಸೋಮವಾರ ಕೇಬಲ್ ಹಾಕಿ ನೋಡಿದರೆ ಬೂಟ್‌ಲೋಡರ್ (ಫರ್ಮ್‌ವೇರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಪ್ರಾಂಪ್ಟ್ ಮಾತ್ರ ಮಿನುಗುತ್ತಿದೆ. ಆ ಕೇಬಲ್ ಮೂಲಕವೇ ಫೈಲ್ ಕಳಿಸುವ ಹಳೇ ವಿಧಾನ ಎಕ್ಸ್‌ಮೋಡೆಮ್‌ನಲ್ಲಿ ಇಮೇಜ್ ತುಂಬಬೇಕು, ಸೆಕೆಂಡಿಗೆ 9600 ಬಿಟ್ ವೇಗದಲ್ಲಿ 12 ಎಂಬಿ ಅಂದರೆ ಮೂರೂವರೆ ಗಂಟೆಗೂ ಜಾಸ್ತಿ. (ವೇಗವನ್ನು 115200ಕ್ಕೆ ಏರಿಸಬಹುದಿತ್ತು, ಆ ಗಡಿಬಿಡಿಯಲ್ಲಿ ತಲೆಗೆ ಹೊಳೆಯಲಿಲ್ಲ.) ಹೊರಗೆ ಕೌಂಟರ್‌ನಲ್ಲಿ ಅದೇ ಬೋರ್ಡ್. ಬಿಲ್ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ‘ಇನ್ನೂ ಎಷ್ಟೊತ್ತಾಗತ್ತಪ್ಪ?’ ಅಂತ ನನ್ನನ್ನೇ ಕೇಳಿದರು.

ಈ ಕೆಲಸಕ್ಕೆ ಹೊಸದಾಗಿ ಬರುವ ನಮ್ಮ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟೈಮ್‌ಔಟ್ ಅಂದರೆ ಕೆಲಸ ಕೆಟ್ಟಿತು ಅಂತಲ್ಲ. ‘ಇಷ್ಟು ಹೊತ್ತು ಕಾದೆ, ಉತ್ತರ ಬರಲಿಲ್ಲ’ ಅಂತ ಸ್ಕ್ರಿಪ್ಟ್ ಹೇಳುತ್ತಿದೆ, ಅಷ್ಟೇ. ಆ ಕಡೆ ಸ್ವಿಚ್ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರಬಹುದು. ಆನ್ಸಿಬಲ್‌ನಲ್ಲಿ ನೆಟ್‌ವರ್ಕ್ ಕಮಾಂಡ್‌ಗೆ ಮೊದಲೇ ಇಟ್ಟಿರುವ ಗಡುವು 30 ಸೆಕೆಂಡ್. ಇದೇ ಕೆಲಸಕ್ಕೆ ಬಳಸುವ ಪೈಥಾನ್ ಲೈಬ್ರರಿ ನೆಟ್‌ಮಿಕೋ 4ರಲ್ಲಿ ಬರೀ 10. ಫರ್ಮ್‌ವೇರ್ ಬಿಚ್ಚಲು ಅದು ಎಲ್ಲಿ ಸಾಲುತ್ತದೆ? ಆ ಒಂದು ಟಾಸ್ಕ್‌ಗೆ ಮಾತ್ರ ಕಮಾಂಡ್ ಟೈಮ್‌ಔಟನ್ನು 1800 ಸೆಕೆಂಡಿಗೆ ಏರಿಸಿ. ಎಲ್ಲದಕ್ಕೂ ಏರಿಸಿದರೆ ಒಂದು ಸಣ್ಣ ಕಮಾಂಡ್ ಸಿಕ್ಕಿಹಾಕಿಕೊಂಡರೂ ಅರ್ಧ ಗಂಟೆ ಸುಮ್ನೆ ಕೂರಬೇಕಾಗುತ್ತದೆ.

ರೀಲೋಡ್ (ಸ್ವಿಚ್ಚನ್ನು ರೀಸ್ಟಾರ್ಟ್ ಮಾಡುವ ಕಮಾಂಡ್) ಕೊಟ್ಟಾಗ ಕನೆಕ್ಷನ್ ಕಡಿದೇ ಕಡಿಯುತ್ತದೆ, ಅದನ್ನು ಎರರ್ ಅಂತ ಎಣಿಸಬೇಡಿ. ಆಮೇಲಿನ ಕಾಯುವಿಕೆಯಲ್ಲಿ ಒಂದು ಮೋಸ ಇದೆ. ರೀಲೋಡ್ ಹೇಳಿದ ತಕ್ಷಣ, ಲಾಗಿನ್‌ಗೆ ಬಳಸುವ 22ನೇ ಪೋರ್ಟ್ ನೋಡಿದರೆ ಅದು ಇನ್ನೂ ತೆರೆದೇ ಇರುತ್ತದೆ, ಸ್ಕ್ರಿಪ್ಟ್ ‘ಓ, ಎದ್ದುಬಿಟ್ಟಿತು’ ಅಂದುಕೊಂಡು ಮುಂದೆ ಓಡಿ ಮುಗ್ಗರಿಸುತ್ತದೆ. ಮೊದಲು ಪೋರ್ಟ್ ಮುಚ್ಚುವುದನ್ನು ಕಾಯಿರಿ, ಆಮೇಲೆ ತೆರೆಯುವುದನ್ನು. ಹಳೇ ಕನೆಕ್ಷನ್ ರೀಸೆಟ್ ಮಾಡಿ ‘ಶೋ ವರ್ಷನ್’ ಕೇಳಿ, ಹೊಸ ವರ್ಷನ್ ಕಂಡ ಮೇಲೆ ಮಾತ್ರ ಮುಂದಿನ ಸ್ವಿಚ್ ಮುಟ್ಟಿ. ಪೋರ್ಟ್ ತೆರೆದರೂ ಸ್ಟ್ಯಾಕ್‌ನ (ಒಂದೇ ಸ್ವಿಚ್‌ನಂತೆ ಕೆಲಸ ಮಾಡುವ ಗುಂಪು) ಉಳಿದ ಸ್ವಿಚ್‌ಗಳು ಇನ್ನೂ ಏಳುತ್ತಿರಬಹುದು, ಅದನ್ನೂ ನೋಡಿ. ಟೈಮ್‌ಔಟ್ ಆಗಿ ಸ್ಕ್ರಿಪ್ಟ್ ಮತ್ತೆ ಓಡಿಸುವ ಮುಂಚೆ ಫ್ಲ್ಯಾಶ್‌ನಲ್ಲಿ ಏನಿದೆ ಅಂತ ಸ್ವಿಚ್ಚನ್ನೇ ಕೇಳಿ.

ಫ್ಲ್ಯಾಶ್‌ನಲ್ಲಿ ಜಾಗ ಇದ್ದರೆ ನಾನು ಈಗ ಇಮೇಜ್ ಹಗಲಲ್ಲೇ ಕಳಿಸಿ, ಫೈಲ್ ಕೆಡದೆ ಬಂದಿದೆಯೇ ಅಂತ ಎಂಡಿ5 (ಫೈಲಿನ ಗುರುತಿನ ಸಂಕೇತ) ತಾಳೆ ನೋಡಿಕೊಂಡಿರುತ್ತೇನೆ. ರಾತ್ರಿಗೆ ರೀಲೋಡ್ ಒಂದೇ ಉಳಿಯುತ್ತದೆ.

ಕಚೇರಿ ನಡೆಸುವವರಿಗೂ ಒಂದು ಮಾತು. ಒಂದು ಸ್ವಿಚ್ ರೀಲೋಡ್ ಆಗಿ ತಪಾಸಣೆ ಮುಗಿಯಲು 10 ನಿಮಿಷ ಹಿಡಿದರೂ, ಒಂದಾದ ಮೇಲೆ ಒಂದರಂತೆ 11ಕ್ಕೆ ಎರಡು ಗಂಟೆ ಹತ್ತಿರ ಬೇಕು. ಅಂದು ನಮಗೆ ಸಿಕ್ಕಿದ್ದು ಒಂದೇ ಗಂಟೆ, ಆ ಆತುರದಲ್ಲೇ ಹುಡುಗ ಬಟನ್ ಒತ್ತಿದ್ದು. ಶನಿವಾರ ರಾತ್ರಿ ಪೂರ್ತಿ ಬಿಟ್ಟುಕೊಡಿ, ಭಾನುವಾರ ಬಾಗಿಲು ತೆಗೆಯಲು ಒಬ್ಬರನ್ನು ಇಡಿ.

— ಒಬ್ಬ ನೆಟ್‌ವರ್ಕ್ ಎಂಜಿನಿಯರ್, ಬಸವನಗುಡಿ, ಬೆಂಗಳೂರು