2,400 ರೂಪಾಯಿ ಹಿಡ್ಕೊಳ್ಳಿ, ಉಳಿದಿದ್ದು ಬಿಟ್ಬಿಡಿ ಸಾರ್: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ನಿಮ್ಮ ಆಫೀಸಿಗೆ ಎರಡು ಸಲ ಬಂದು ಅರ್ಜಿ ಕೊಟ್ಟಿದೀನಿ, ಒಂದಕ್ಕೂ ಉತ್ತರ ಇಲ್ಲ, ಅದಕ್ಕೇ ಈಗ ಎಲ್ಲರೂ ನೋಡೋ ಹಾಗೆ ಬರೀತಿದೀನಿ. ಬೇಜಾರು ಮಾಡ್ಕೋಬೇಡಿ, ನನಗೆ ಆಗಿರೋ ಬೇಜಾರಿನ ಮುಂದೆ ಅದೇನೂ ಅಲ್ಲ.

ನಾನು ಮಲೆನಾಡಲ್ಲಿ ಕೂತು ಅಡಿಕೆ ಬೆಳೆಗಾರರಿಗೆ ಒಂದು ಆ್ಯಪ್ ಮಾಡಿದೀನಿ. ಶಿವಮೊಗ್ಗ, ಸಾಗರ, ಶಿರಸಿ, ಚನ್ನಗಿರಿ ಮಾರುಕಟ್ಟೆಯ ರಾಶಿ, ಬೆಟ್ಟೆ, ಗೊರಬಲು ಅಂತ ಒಂದೊಂದು ಬಗೆ ಅಡಿಕೆಯ ರೇಟು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ತಾರೀಖು, ಅಡಿಕೆ ಕೊಯ್ಯೋ ಕೊನೆಗಾರರ ಕೂಲಿ ಲೆಕ್ಕ, ಇಷ್ಟು ಅದರಲ್ಲಿರೋದು. ರೈತರಿಗೆ ಫ್ರೀ. ದುಡ್ಡು ಕೊಟ್ಟು ಆ್ಯಪ್ ಹಾಕ್ಕೊಳ್ಳೋರು ನಮ್ಮ ಕಡೆ ಯಾರಿದಾರೆ, 10 ರೂಪಾಯಿ ಅಂದ್ರೂ ಅಳಿಸಿ ಹಾಕ್ತಾರೆ. ಹಾಗಾಗಿ ಗೊಬ್ಬರದ ಅಂಗಡಿಯವರು, ಮಂಡಿಯವರು ತಮ್ಮ ಜಾಹೀರಾತಿಗೆ ವರ್ಷಕ್ಕೆ 2,400 ಕೊಡ್ತಾರೆ, ಅದೇ ನಮ್ಮ ಆದಾಯ, ಅದರಲ್ಲೇ ಸರ್ವರ್ ಬಿಲ್ಲು, ಅದರಲ್ಲೇ ಇಬ್ಬರು ಹುಡುಗರ ಸಂಬಳ. ಒಬ್ಬೊಬ್ಬ ಅಂಗಡಿಯವರ ಹತ್ರ ನಾಲ್ಕು ನಾಲ್ಕು ಸಲ ಚಾ ಕುಡಿದು ಒಪ್ಪಿಸಿದ ದುಡ್ಡು ಅದು.

ಜೂನ್‌ನಲ್ಲಿ ಒಂದಿನ ಬೆಳಿಗ್ಗೆ ಸಂಬಳ ಹಾಕೋಕೆ ಹೋದ್ರೆ ಟ್ರಾನ್ಸಾಕ್ಷನ್ ಫೇಲ್. ಬ್ಯಾಂಕಿಗೆ ಹೋದೆ. ಅಲ್ಲಿ ಹೇಳಿದ್ದು, ಸೈಬರ್ ಕ್ರೈಮ್ ಇಂದ ಮೇಲ್ ಬಂದಿದೆ, ನಿಮ್ಮ ಅಕೌಂಟ್ ಫ್ರೀಜ್ ಆಗಿದೆ ಅಂತ. ಯಾಕೆ ಅಂದ್ರೆ, ಉತ್ತರದ ಯಾವುದೋ ರಾಜ್ಯದಲ್ಲಿ ಯಾರಿಗೋ ಮೋಸ ಆಗಿದೆ, ಅವರು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾರೆ, ಆ ದುಡ್ಡು ಕೈಯಿಂದ ಕೈಗೆ ದಾಟಿ ನಮ್ಮ ಒಬ್ಬ ಅಂಗಡಿಯವರ ಅಕೌಂಟಿಗೆ ಬಂದಿದೆ, ಅವರು ನನಗೆ 2,400 ಯುಪಿಐ ಮಾಡಿದಾರೆ. ಹೀಗೆ ದುಡ್ಡು ದಾಟಿದ ಒಂದೊಂದು ಹಂತಕ್ಕೂ ಲೇಯರ್ ಅಂತಾರಂತೆ. ನಾನೀಗ ಲೇಯರ್ 4. ಇಷ್ಟು ವರ್ಷ ಕೋಡ್ ಬರೆದಿದೀನಿ, ಈ ಲೇಯರ್ ಒಂದು ಗೊತ್ತಿರ್ಲಿಲ್ಲ.

ಅಕೌಂಟಲ್ಲಿ ಇದ್ದಿದ್ದು 3,86,000. ಅನುಮಾನ ಇರೋದು 2,400ರ ಮೇಲೆ. ಹಿಡಿದಿರೋದು ಪೂರ್ತಿ. ಆ 2,400 ಇವತ್ತೇ ಹಿಡ್ಕೊಳ್ಳಿ, ನಾನು ಬೇಡ ಅಂದಿಲ್ಲ, ಉಳಿದಿದ್ದು ಬಿಡಿ ಅಂತ ಐದು ತಿಂಗಳಿಂದ ಹೇಳ್ತಿದೀನಿ.

ಬ್ಯಾಂಕಿನವರು ನಮ್ಮ ಕೈಲಿಲ್ಲ, ಪೊಲೀಸರತ್ರ ಎನ್‌ಒಸಿ, ಅಂದ್ರೆ ಆಕ್ಷೇಪ ಇಲ್ಲ ಅನ್ನೋ ಪತ್ರ, ತನ್ನಿ ಅಂತಾರೆ. ಫ್ರೀಜ್ ಮಾಡಿಸಿದ ಆ ರಾಜ್ಯದ ಠಾಣೆಯ ನಂಬರಿಗೆ ಹನ್ನೊಂದು ದಿನ ಫೋನ್ ಮಾಡಿದ ಮೇಲೆ ಒಬ್ಬರು ಎತ್ತಿದ್ರು. ನನ್ನ ಹಿಂದಿ ನಿಮಗೆ ಗೊತ್ತಲ್ಲ, ನಿಮ್ಮ ಹಿಂದಿಯಷ್ಟೇ. ಬಿಲ್ಲು, ಜಿಎಸ್‌ಟಿ ಇನ್‌ವಾಯ್ಸು ಎಲ್ಲಾ ಮೇಲ್ ಮಾಡ್ತೀನಿ ಸಾರ್ ಅಂದೆ. ಆಗಲ್ಲ, ಖುದ್ದು ಬರಬೇಕು ಅಂದ್ರು. ಎರಡು ದಿನದ ರೈಲು ಸಾರ್ ಅಂದೆ. ಹಾಗಾದ್ರೆ ಕೋರ್ಟಿಂದ ಆರ್ಡರ್ ತನ್ನಿ ಅಂದು ಇಟ್ಟುಬಿಟ್ರು. ವಕೀಲರನ್ನ ಕೇಳಿದೆ, ಅವರ ಫೀಸೇ ಹತ್ತಾರು ಪಟ್ಟು ಜಾಸ್ತಿ. 2,400ಕ್ಕೆ!

ನಡುವೆ ಸರ್ವರ್ ಬಿಲ್ ಕಟ್ ಆಗದೆ ಒಂಬತ್ತು ದಿನ ಆ್ಯಪ್ ನಿಂತೋಯ್ತು. ಸಾಗರದ ಕಡೆ ಒಬ್ರು ಅಜ್ಜ ಫೋನ್ ಮಾಡಿ, ಎಂತ ಮಾರಾಯ, ನಿನ್ನ ಆ್ಯಪಲ್ಲಿ ಇನ್ನೂ ಹೋದ ವಾರದ್ದೇ ರೇಟು, ಅದನ್ನ ನಂಬಿ ಕೊಟ್ಬಿಟ್ಟೆ, ಇವತ್ತು ಹೋಗಿದ್ರೆ ಜಾಸ್ತಿ ಸಿಕ್ತಿತ್ತು ಅಂದ್ರು. ಬೈಲಿಲ್ಲ, ಅದೇ ಇನ್ನೂ ಕಷ್ಟ. ಹುಡುಗರಲ್ಲಿ ಒಬ್ಬ ಎರಡು ತಿಂಗಳು ಸಂಬಳ ಇಲ್ಲದೇ ಕಾದ, ಆಮೇಲೆ ಬೆಂಗಳೂರಿಗೆ ಹೋಗಿ ಈಗ ಇನ್ಯಾರದೋ ಆ್ಯಪಿಗೆ ಊಟ ಹೊರ್ತಿದಾನೆ.

ಜಿಎಸ್‌ಟಿ ವಿಷಯ ಕೇಳಿ, ನಗ್ತೀರಿ. ಪ್ರತಿ ತಿಂಗಳು 20ನೇ ತಾರೀಖಿಗೆ 3ಬಿ ಅನ್ನೋ ರಿಟರ್ನ್ ಹಾಕಬೇಕು, ತಡ ಆದ್ರೆ ದಿನಕ್ಕೆ 50 ರೂಪಾಯಿ, ಮೇಲೆ ಟ್ಯಾಕ್ಸಿಗೆ ವರ್ಷಕ್ಕೆ 18% ಬಡ್ಡಿ. ಒಂದು ಇಲಾಖೆ ನನ್ನ ದುಡ್ಡು ಹಿಡಿದು ಕೂತಿದೆ, ಇನ್ನೊಂದು ಇಲಾಖೆ ಅದೇ ದುಡ್ಡಲ್ಲಿ ಟ್ಯಾಕ್ಸ್ ಕಟ್ಟು ಅಂತಿದೆ. ಬಾವನ ಹತ್ರ ಸಾಲ ಮಾಡಿ ಕಟ್ಟಿದೀನಿ.

ಕಾನೂನು ನಿಮಗೆ ನಾನು ಹೇಳೋದೇನಿದೆ, ಪಾರ್ಲಿಮೆಂಟಲ್ಲಿ ಕೂರೋರು ನೀವು. ಪೊಲೀಸರು ಹೇಗೆ ನಡ್ಕೋಬೇಕು ಅನ್ನೋ ಬಿಎನ್‌ಎಸ್‌ಎಸ್ ಕಾಯ್ದೆಯ 106ನೇ ಸೆಕ್ಷನ್ನಲ್ಲಿ ಹೀಗೆ ಹಿಡಿದಿದ್ದನ್ನ ತಕ್ಷಣ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂತ ಇದೆ, 2023ರಲ್ಲೇ ಕೇರಳ ಹೈಕೋರ್ಟು ಅನುಮಾನದ ಮೊತ್ತ ಮಾತ್ರ ಹಿಡೀರಿ, ಇಡೀ ಅಕೌಂಟ್ ಬೇಡ ಅಂದಿದೆ. ಹಂಗಿದ್ರೂ ನನ್ನದು ಇಡಿಯಾಗೇ ಹೋಯ್ತು. ನನಗೆ ಒಂದು ನೋಟಿಸ್ ಇಲ್ಲ, ಒಂದು ಎಸ್‌ಎಂಎಸ್ ಇಲ್ಲ. ವೇದಿಕೆ ಮೇಲೆ ಹೋದಲ್ಲೆಲ್ಲ ಡಿಜಿಟಲ್ ಇಂಡಿಯಾ, ಸ್ಟಾರ್ಟಪ್ ಅಂತೀರಿ, ಯುವಕರು ಹಳ್ಳಿಲೇ ಕೂತು ಉದ್ಯಮ ಮಾಡ್ಬೇಕು ಅಂತೀರಿ. ಮಾಡಿದೀವಲ್ಲ ಸಾರ್, ಕೂತಿದೀವಿ, ಬರೀ ಕೂತೇ ಇದೀವಿ.

2025ರ ಜುಲೈನಲ್ಲಿ ಟ್ಯಾಕ್ಸ್ ನೋಟಿಸ್‌ಗೆ ಹೆದರಿ ಬೆಂಗಳೂರಿನ ಅಂಗಡಿಗಳಲ್ಲಿ ಯುಪಿಐ ಇಲ್ಲ, ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ರಲ್ಲ, ಆಗ ನಾನೇ ನಕ್ಕಿದ್ದೆ. ಈಗ ನನ್ನ ಅಂಗಡಿಯವರು ಕ್ಯಾಶೇ ತಗೊಂಡೋಗು ಮಾರಾಯ ಅಂತಾರೆ, ಆ್ಯಪ್ ಕಂಪನಿಯವನು ಬೈಕಲ್ಲಿ ಚೀಲ ಹಿಡ್ಕೊಂಡು ನೋಟು ಎಣಿಸ್ತಾ ತಿರುಗ್ತಿದೀನಿ.

ಸದನದಲ್ಲಿ ದೊಡ್ಡ ಭಾಷಣ ಬೇಡ. ಗೃಹ ಇಲಾಖೆಗೆ ಒಂದು ಪ್ರಶ್ನೆ ಕೇಳಿ: ಅನುಮಾನದ ಮೊತ್ತ ಬಿಟ್ಟು ಉಳಿದ ದುಡ್ಡು ಯಾಕೆ ಹಿಡಿದಿದೀರಿ? ಮತ್ತೆ, ಅಕೌಂಟ್ ಹಿಡಿದ ದಿನವೇ ಅದರ ಮಾಲೀಕನಿಗೆ ಹೇಳಿ, ದಾಖಲೆ ಆನ್‌ಲೈನಲ್ಲೇ ತಗೊಳ್ಳಿ ಅಂತ ಹೇಳಿ. 2,400 ಹಿಡ್ಕೊಳ್ಳಿ, ಉಳಿದಿದ್ದು ಬಿಡಿ. ಇಷ್ಟೇ.

ಹೋದ ಸಲ ಬಂದಾಗ ನಿಮ್ಮ ಪಿಎ ಅರ್ಜಿ ಓದಲಿಲ್ಲ, ಆದ್ರೆ ಅವರ ಫೋನಲ್ಲಿ ನಮ್ಮ ಆ್ಯಪ್ ಇತ್ತು, ರೇಟು ಚೆನ್ನಾಗಿ ತೋರ್ಸುತ್ತೆ ಅಂದ್ರು. ಕೊನೆಕೊಯ್ಲು ಶುರುವಾಗಿದೆ ಸಾರ್, ಈ ತಿಂಗಳ ಸರ್ವರ್ ಬಿಲ್ ಇನ್ನೂ ಕಟ್ಟಿಲ್ಲ. ರೇಟು ನಿಂತ್ರೆ ಅವರಿಗೂ ಗೊತ್ತಾಗುತ್ತೆ.

ಇತಿ,
3,83,600 ರೂಪಾಯಿ ಇದ್ದೂ ಇಲ್ಲದ ನಿಮ್ಮ ಒಬ್ಬ ಮತದಾರ