ಯಾವ ವರ್ಷದ ರ‍್ಯಾಂಗ್ಲರ್?

ಚಿ. ಪುಟ್ಟನಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ಕೊಳ್ಳಬೇಕೆಂದು ನೀನು ಕಳಿಸಿದ ನಾಲ್ಕು ಹಳೆಯ ಗಾಡಿಗಳ ವಿವರ ಓದಿದೆ. 2006, 2010, 2012, 2018. ನಾಲ್ಕೂ ಜೀಪ್ ರ‍್ಯಾಂಗ್ಲರ್ ಹೌದು, ಆದರೆ ಒಂದೇ ಗಾಡಿ ನಾಲ್ಕು ವಯಸ್ಸಿನಲ್ಲಿ ನಿಂತಿದೆ ಅಂದುಕೊಂಡಿದ್ದರೆ ಆ ಲೆಕ್ಕ ಬಿಡು. ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ, ಕೆಡುವ ಜಾಗವೂ ಬೇರೆ. ಹೊಸ ವರ್ಷದ್ದೇ ಒಳ್ಳೆಯದು ಅನ್ನುವ ಮಾತು ಮನೆಮಂದಿ ಓಡಾಡುವ ಕಾರಿಗೆ ಹೇಗೋ ನಡೆದೀತು, ಕಲ್ಲುದಾರಿ ಹತ್ತುವ ಗಾಡಿಗೆ ನಡೆಯುವುದಿಲ್ಲ.

ಮೊದಲು ಮಾರುವವನು ಹೇಳಿದ ವರ್ಷ ನಿಜವೋ ನೋಡು. ಹದಿನೇಳು ಅಕ್ಷರದ ಛಾಸಿ ನಂಬರಿನಲ್ಲಿ ಹತ್ತನೆಯದು ಮಾಡೆಲ್ ವರ್ಷ. 2006ಕ್ಕೆ 6, 2009ಕ್ಕೆ 9, 2010ಕ್ಕೆ ಎ, 2011ಕ್ಕೆ ಬಿ, 2012ಕ್ಕೆ ಸಿ, ಹೀಗೆ ಸಾಗಿ 2017ಕ್ಕೆ ಎಚ್. ಐ ಅಕ್ಷರ ಬಳಸುವುದಿಲ್ಲವಾದ್ದರಿಂದ 2018ಕ್ಕೆ ಜೆ. ಡ್ರೈವರ್ ಬಾಗಿಲಿನ ಸ್ಟಿಕ್ಕರಿನಲ್ಲಿ ತಯಾರಾದ ತಿಂಗಳಿರುತ್ತದೆ. ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ ತಯಾರಾದದ್ದು ಮುಂದಿನ ವರ್ಷದ ಮಾಡೆಲ್ ಆಗಿರಬಹುದು, ಅದು ಮೋಸವಲ್ಲ. ಬಿಡಿಭಾಗ ತರಿಸುವಾಗ ಮಾತ್ರ ಈ ಎರಡನ್ನೂ ಬೆರೆಸಬೇಡ.

ಇನ್ನು ಒಂದೊಂದಾಗಿ. ರ‍್ಯಾಂಗ್ಲರಿನ ಒಂದೊಂದು ತಲೆಮಾರಿಗೂ ಒಂದು ಸಂಕೇತದ ಹೆಸರು: 1997ರಿಂದ 2006ರವರೆಗಿನದು ಟಿಜೆ, 2007ರಿಂದ 2018ರವರೆಗಿನದು ಜೆಕೆ, 2018ರಿಂದ ಈಚಿನದು ಜೆಎಲ್. 2018ರಲ್ಲಿ ಜೆಕೆ, ಜೆಎಲ್ ಎರಡೂ ಬಂದವು. ಹಾಗಾಗಿ ಆ ವರ್ಷದ ಗಾಡಿ ಅಂದಾಗ ಯಾವುದು ಎಂದು ಕೇಳಲೇಬೇಕು. ಮುಂದಿನ ಚಕ್ರದ ಹಿಂದೆ ಫೆಂಡರಿನಲ್ಲಿ ಗಾಳಿಕಿಂಡಿ ಇದ್ದರೆ ಜೆಎಲ್.

ನಿನ್ನ ಮನಸ್ಸು 2006ರ ಕಡೆ ವಾಲಿದೆ ಅಂತ ಕಾಣುತ್ತದೆ. ಅದರ 4.0 ಲೀಟರ್ ಸಾಲು-ಆರು ಎಂಜಿನ್ ಒಳ್ಳೆಯದೇ, ಹೆಸರು ಸುಮ್ಮನೆ ಬಂದದ್ದಲ್ಲ. ಆದರೆ 2005 ಮತ್ತು 2006ರ ಎಂಜಿನ್ನಿಗೆ ಒಂದು ಕಾಯಿಲೆ ಇದೆ. ಆಯಿಲ್ ಪಂಪನ್ನು ತಿರುಗಿಸುವ ಡ್ರೈವ್ ಜೋಡಣೆ ಒಣಗಿ ಹಿಡಿದುಕೊಳ್ಳುತ್ತದೆ. ಮೊದಲು ಹಕ್ಕಿ ಚಿಲಿಪಿಲಿಗುಟ್ಟಿದ ಹಾಗೆ ಸದ್ದು, ಬೆಲ್ಟಿನದೋ ಅಂತ ಜನ ಸುಮ್ಮನಾಗುತ್ತಾರೆ. ಆಮೇಲೆ ಅದರ ಗೇರು ಕ್ಯಾಮ್‌ಶಾಫ್ಟಿನ ಗೇರನ್ನು ತಿನ್ನುತ್ತದೆ, ಕೊನೆಗೆ ಆಯಿಲ್ ಪ್ರೆಶರ್ ಬಿದ್ದುಹೋಗುತ್ತದೆ. ಆ ಜೋಡಣೆಯನ್ನು ಬದಲಾಯಿಸಿದ ಬಿಲ್ ಇದೆಯೇ ಕೇಳು. ಇಲ್ಲದಿದ್ದರೆ ಅದನ್ನು ಬಿಚ್ಚಿ ಗೇರಿನ ಹಲ್ಲು ನೋಡದೆ ಮುಂಗಡ ಕೊಡಬೇಡ. ಹಲ್ಲು ಚೂಪಾಗಿ ಚಾಕುವಿನ ಅಂಚಿನ ಹಾಗಾಗಿದ್ದರೆ ಕ್ಯಾಮ್‌ಶಾಫ್ಟಿನದನ್ನೂ ಪರೀಕ್ಷಿಸದೆ ಗತಿಯಿಲ್ಲ. ಇದೇ ಎಂಜಿನ್ನಿನ 2000, 2001ರ ಗಾಡಿ ಎದುರಾದರೆ ಇನ್ನೊಂದು ಕಥೆ: ಸಿಲಿಂಡರ್ ಹೆಡ್ಡಿನ ಮೇಲೆ 0331 ಎಂಬ ಎರಕದ ಸಂಖ್ಯೆ ಇದ್ದರೆ ಮೂರು ಮತ್ತು ನಾಲ್ಕನೇ ಸಿಲಿಂಡರ್ ನಡುವೆ ಬಿರುಕು ಬಿಡುವುದಕ್ಕೆ ಅದು ಹೆಸರಾದದ್ದು. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂಥ ಕೆನೆ ಕಂಡರೆ ಅಲ್ಲಿಂದಲೇ ವಾಪಸ್ ಬಾ.

ಟಿಜೆಯ ದೊಡ್ಡ ಶತ್ರು ಎಂಜಿನ್ ಅಲ್ಲ, ತುಕ್ಕು. ಅದರ ಛಾಸಿ ಪೆಟ್ಟಿಗೆಯ ಹಾಗೆ ಮುಚ್ಚಿದ ಉಕ್ಕು. ಕೆಸರು ರಂಧ್ರಗಳಿಂದ ಒಳಗೆ ಹೋಗಿ ಹೊರಗೆ ಬರದೆ ಕೂತು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಕಪ್ಪು ಬಣ್ಣ ಹೊಡೆದು ಮಿರಮಿರ ಮಿಂಚಿಸಿದ್ದರೆ ಇನ್ನೂ ಅನುಮಾನಪಡು. ಹಿಂದಿನ ಚಕ್ರದ ಸ್ವಲ್ಪ ಮುಂದೆ, ಆಕ್ಸಲ್ಲನ್ನು ಹಿಡಿದಿರುವ ಕೆಳಗಿನ ತೋಳು (ಕಂಟ್ರೋಲ್ ಆರ್ಮ್) ಛಾಸಿಗೆ ಸೇರುವಲ್ಲಿ ಸುತ್ತಿಗೆಯಿಂದ ಮೆಲ್ಲಗೆ ಬಡಿ. ಗಟ್ಟಿ ಉಕ್ಕು ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಡಬ್ ಅಂದ ಕಡೆ ಸ್ಕ್ರೂಡ್ರೈವರ್ ಒತ್ತು. ಅದು ಒಳಗೆ ಹೋದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ ಮುಂದಿನ ಮಾತು ಬೇಡ. ಹಿಂದಿನ ಆಕ್ಸಲ್ ಯಾವುದು ಅಂತಲೂ ಕೇಳು. ಬಹಳಷ್ಟು ಟಿಜೆಗಳಲ್ಲಿ ಇರುವುದು ಡಾನಾ 35. ಅದರಲ್ಲಿ ಆಕ್ಸಲ್ ಶಾಫ್ಟನ್ನು ಹಿಡಿದಿರುವುದು ಒಳಗಿನ ಒಂದು ಸಣ್ಣ ಕ್ಲಿಪ್ಪು. ಶಾಫ್ಟ್ ಮುರಿದರೆ ಚಕ್ರ ಸಮೇತ ಹೊರಬರುತ್ತದೆ. ದೊಡ್ಡ ಟೈರ್ ಹಾಕುವ ಆಸೆ ಇದ್ದರೆ ಡಾನಾ 44 ಇರುವುದನ್ನೇ ಹುಡುಕು. 2003ರಿಂದ ಬಂದ ರೂಬಿಕಾನ್ ಎಂಬ ಕಲ್ಲುದಾರಿಯ ಮಾದರಿಯಲ್ಲಿ ಅದು ಮುಂದೂ ಹಿಂದೂ ಇರುತ್ತದೆ, ಎರಡಕ್ಕೂ ಲಾಕರ್ ಜೊತೆ, ಅಂದರೆ ಆಕ್ಸಲ್ಲಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಕಟ್ಟಿಹಾಕುವ ವ್ಯವಸ್ಥೆ.

2010ರದ್ದು ಜೆಕೆ, 3.8 ಲೀಟರ್ ವಿ6. 2007ರಿಂದ 2011ರವರೆಗೆ ಇದೇ ಎಂಜಿನ್, 202 ಅಶ್ವಶಕ್ತಿ, ಆಟೋಮ್ಯಾಟಿಕ್ ಆದರೆ ನಾಲ್ಕೇ ಗೇರು. ಕೆಟ್ಟ ಎಂಜಿನ್ ಅಲ್ಲ, ಆದರೆ ಆಯಿಲ್ ಕುಡಿಯುತ್ತದೆ. ಕಡಿಮೆಯಾದದ್ದು ಗೊತ್ತಾಗದೆ ಓಡಿಸಿದವರ ಕೈಯಲ್ಲಿ ಬೇರಿಂಗ್ ಸವೆಯುತ್ತದೆ. ನೀನು ಹೋಗುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕು, ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ಎಳೆದು ನೋಡು. ಒಂದು ಹದಿನೈದು ನಿಮಿಷ ಓಡಿಸಿ, ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು, ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತಿಸಿ ಹಿಂದೆ ನಿಂತು ಹೊಗೆ ನೋಡು. ನೀಲಿ ಇದ್ದರೆ ಆಯಿಲ್ ಸುಡುತ್ತಿದೆ, ಪಿಸ್ಟನ್ ಉಂಗುರವೋ ವಾಲ್ವ್ ಸೀಲೋ ಸವೆದಿರಬಹುದು. 2010ರ ಆಟೋಮ್ಯಾಟಿಕ್‌ಗೆ ಇನ್ನೊಂದು ವಿಷಯ: ಗೇರ್‌ಬಾಕ್ಸಿನ ಅಡಿಯ ರಕ್ಷಣಾ ತಟ್ಟೆಯಲ್ಲಿ ಒಣಹುಲ್ಲು ಸಿಕ್ಕಿಕೊಂಡು ಕಾದ ಕ್ಯಾಟಲಿಟಿಕ್ ಕನ್ವರ್ಟರಿಗೆ ತಾಗಿ ಬೆಂಕಿ ಹತ್ತಿಕೊಂಡೀತೆಂದು ಕಂಪನಿ ಗಾಡಿಗಳನ್ನು ವಾಪಸ್ ಕರೆಸಿತ್ತು. ಆ ಕೆಲಸ ಆಗಿದೆಯೇ ಎಂದು ಛಾಸಿ ನಂಬರ್ ಕೊಟ್ಟು ಅಧಿಕೃತ ಸರ್ವಿಸಿನವರನ್ನು ಕೇಳು. 2007ರಿಂದ 2016ರವರೆಗಿನ ರ‍್ಯಾಂಗ್ಲರ್‌ಗಳಲ್ಲಿ ಪಕ್ಕದ ಸೀಟಿನ, ಟಕಾಟಾ ಕಂಪನಿಯ ಏರ್‌ಬ್ಯಾಗ್ ಬದಲಾವಣೆಗೂ ಕರೆ ಹೋಗಿತ್ತು. ಅದನ್ನೂ ಅದೇ ಉಸಿರಿನಲ್ಲಿ ಕೇಳಿಬಿಡು. ಒಳಾಂಗಣ 2011ರಲ್ಲಿ ಬದಲಾಯಿತು. 2010ರದ್ದರಲ್ಲಿ ಕೂತು 2011ರದ್ದರಲ್ಲಿ ಕೂತರೆ ಬೇರೆ ಗಾಡಿ ಅನ್ನಿಸುತ್ತದೆ. ಆದರೂ ಬರಿ ಡ್ಯಾಶ್‌ಬೋರ್ಡಿಗಾಗಿ ಹೆಚ್ಚು ಹಣ ಕೊಡುವುದು ನನಗೆ ಒಪ್ಪಿಗೆಯಿಲ್ಲ.

2012ರಲ್ಲಿ 3.6 ಲೀಟರ್ ಪೆಂಟಾಸ್ಟಾರ್ ಎಂಬ ಎಂಜಿನ್ ಬಂತು. 285 ಅಶ್ವಶಕ್ತಿ, ಆಟೋಮ್ಯಾಟಿಕ್‌ಗೆ ಐದು ಗೇರು. ಎಲ್ಲರೂ 2012 ತಗೋ ಅನ್ನುವುದು ಇದಕ್ಕೇ. ನಾನು ಮಾತ್ರ ಇನ್ನೆರಡು ವರ್ಷ ಮುಂದೆ ಹೋಗು ಅನ್ನುತ್ತೇನೆ. 2012ರ ಮತ್ತು 2013ರ ಕೆಲವು ಎಂಜಿನ್ನುಗಳ ಎಡಗಡೆ ಸಿಲಿಂಡರ್ ಹೆಡ್ ಕೆಡುತ್ತಿತ್ತು, ಕಂಪನಿಯೇ ಅದರ ವಾರಂಟಿ ಹೆಚ್ಚಿಸಬೇಕಾಯಿತು. ಎಡಗಡೆ ಇರುವುದು 2, 4, 6ನೇ ಸಿಲಿಂಡರ್. ಸ್ಕ್ಯಾನರ್ ಹಾಕಿದಾಗ ಪಿ0302, ಪಿ0304, ಪಿ0306 ಎಂಬ ಕೋಡ್ (ಆ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂಬ ಸೂಚನೆ) ಬಂದರೆ ಅನುಮಾನ ಅಲ್ಲಿಗೇ ಹೋಗಬೇಕು. ಕೋಡ್ ಏನೂ ಬರಲಿಲ್ಲ ಅಂತ ಹಿಗ್ಗಬೇಡ, ನೀನು ಬರುವ ಮುಂಚೆ ಅಳಿಸಿರಬಹುದು. ಅದೇ ಸ್ಕ್ಯಾನರಿನಲ್ಲಿ ರೆಡಿನೆಸ್ ಮಾನಿಟರ್ ನೋಡು, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ಪಟ್ಟಿ ಅದು. ಹಲವು ಮಾನಿಟರ್ ‘ಸಿದ್ಧವಿಲ್ಲ’ ಅಂದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ. ಯಾಕೆ ಅಂತ ಮುಖ ನೋಡಿ ಕೇಳು.

ಹೆಡ್ ಬದಲಾಯಿಸಿದ ದಾಖಲೆ ಇರುವ 2012ರದ್ದಾದರೆ ಭಯವಿಲ್ಲ. ಈ ಎಂಜಿನ್ನಿಗೆ ಎಲ್ಲ ವರ್ಷಗಳಲ್ಲೂ ಬರುವ ಎರಡು ಕಿರಿಕಿರಿ ಇದೆ. ಒಂದು, ವಾಲ್ವ್ ಒತ್ತುವ ರಾಕರ್ ಆರ್ಮಿನ ರೋಲರ್ ಸವೆದು ಟಿಕ್ ಟಿಕ್ ಸದ್ದು. ತಣ್ಣಗಿದ್ದಾಗ ಹಚ್ಚಿದರೆ ಒಂದೆರಡು ಸೆಕೆಂಡ್ ಬಂದು ನಿಲ್ಲುವುದು ಲೆಕ್ಕಕ್ಕಿಲ್ಲ. ಬಿಸಿಯಾದ ಮೇಲೂ ಒಂದೇ ಕಡೆಯಿಂದ ಬಿಡದೆ ಬಂದರೆ ರಾಕರ್ ಜೊತೆ ಕ್ಯಾಮ್‌ಶಾಫ್ಟ್ ಕೂಡ ಗೀರಿಕೊಂಡಿರುವ ಸಾಧ್ಯತೆ ಇದೆ. ಇನ್ನೊಂದು, ಆಯಿಲ್ ಫಿಲ್ಟರ್ ಕೂರುವ ಪ್ಲಾಸ್ಟಿಕ್ ಮನೆ ಬಿರಿಯುವುದು. ಅದು ಎಂಜಿನ್ನಿನ ಮೇಲೆ, ಎರಡು ಹೆಡ್ಡುಗಳ ನಡುವಿನ ಕಣಿವೆಯಲ್ಲಿ ಕೂತಿದೆ. ಸೋರಿದ ಆಯಿಲ್ ಕಣಿವೆ ತುಂಬಿ ಹಿಂದಕ್ಕೆ ಹರಿದು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡಿದವರು ಹಿಂದಿನ ಮೇನ್ ಸೀಲ್ ಹೋಗಿದೆ ಅಂತ ಗೇರ್‌ಬಾಕ್ಸ್ ಇಳಿಸುತ್ತಾರೆ. ನೀನು ಮೇಲಿನಿಂದ ಟಾರ್ಚ್ ಬಿಟ್ಟು ಕಣಿವೆಯಲ್ಲಿ ಆಯಿಲ್ ನಿಂತಿದೆಯೇ ನೋಡು. ಆಮೇಲೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಎಡದ, ಬಲದ ಕಿಂಡಿಗಳ ಮುಂದೆ ಕೈ ಹಿಡಿ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಹೀಟರ್ ಕೋರ್ ಕಟ್ಟಿದೆ. ಎರಕದ ಮರಳು ಉಳಿದೋ, ಎರಡು ಬಗೆಯ ಕೂಲೆಂಟ್ ಬೆರೆಸಿಯೋ ಹಾಗಾಗುತ್ತದೆ. ಜೆಕೆಗೆ 2012ರವರೆಗೆ ಒಂದು ಬಗೆ, 2013ರಿಂದ ಇನ್ನೊಂದು.

ಈಗ ನೀನು ಕೇಳದೇ ಇದ್ದ, ಆದರೆ ಕೇಳಬೇಕಿದ್ದ ಲೆಕ್ಕ. ಕಲ್ಲು ಹತ್ತುವಾಗ ಅಶ್ವಶಕ್ತಿಗಿಂತ ಗಾಡಿ ಎಷ್ಟು ನಿಧಾನ ತೆವಳಬಲ್ಲದು ಎನ್ನುವುದು ಮುಖ್ಯ. ಮೊದಲ ಗೇರಿನ ಅನುಪಾತ, ನಾಲ್ಕು ಚಕ್ರಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ಅನುಪಾತ, ಆಕ್ಸಲ್ ಅನುಪಾತ, ಮೂರನ್ನೂ ಗುಣಿಸು. ಉತ್ತರ ದೊಡ್ಡದಾದಷ್ಟೂ ಗಾಡಿ ನಿಧಾನ ತೆವಳಬಲ್ಲದು. ರೂಬಿಕಾನ್‌ನ ಲೋ 4, ಉಳಿದವುಗಳದ್ದು 2.72. ಆಕ್ಸಲ್ 4.10 ಇರುವ 2010ರ ಆಟೋಮ್ಯಾಟಿಕ್ ರೂಬಿಕಾನ್: 2.84 × 4 × 4.10, ಅಂದರೆ 46.6. ಅದೇ 2012ರದ್ದರಲ್ಲಿ ಮೊದಲ ಗೇರು 3.59, ಉತ್ತರ 58.9. ಆರು ಗೇರಿನ ಮ್ಯಾನುಯಲ್‌ನಲ್ಲಿ 4.46, ಉತ್ತರ 73. ಜೆಎಲ್‌ನ ಎಂಟು ಗೇರಿನ ಆಟೋಮ್ಯಾಟಿಕ್‌ನಲ್ಲಿ 4.71, ಉತ್ತರ 77. ರೂಬಿಕಾನ್ ಅಲ್ಲದ, 3.21 ಆಕ್ಸಲ್ ಇರುವ ಮ್ಯಾನುಯಲ್ ಜೆಕೆ 39ಕ್ಕೆ ನಿಂತುಬಿಡುತ್ತದೆ. ಗಮನಿಸು, 2010ರ ಆಟೋಮ್ಯಾಟಿಕ್ ಬಿಟ್ಟು 2012ರದ್ದಕ್ಕೆ ಹೋದರೆ ಸಿಗುವುದು ಬರಿಯ ಶಕ್ತಿಯಲ್ಲ, ಈ ತೆವಳುವ ಹಿಡಿತ. ಮ್ಯಾನುಯಲ್ ಆದರೆ ಆ ಎರಡು ವರ್ಷಗಳ ನಡುವೆ ಈ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ.

2018ರ ಜೆಎಲ್ ಹೊಸ ತಲೆಮಾರಿನ ಮೊದಲ ವರ್ಷ. ಯಾವ ಗಾಡಿಯ ಮೊದಲ ವರ್ಷವನ್ನೂ ನಾನು ಕಣ್ಣುಮುಚ್ಚಿ ಒಪ್ಪುವವನಲ್ಲ. ಮುಂದಿನ ಟ್ರ್ಯಾಕ್ ಬಾರ್, ಅಂದರೆ ಆಕ್ಸಲ್ ಪಕ್ಕಕ್ಕೆ ಜರುಗದಂತೆ ಹಿಡಿಯುವ ಸರಳು, ಛಾಸಿಗೆ ಸೇರುವ ಬ್ರಾಕೆಟ್ಟಿನ ಬೆಸುಗೆಗೆ ಆ ವರ್ಷ ಕರೆ ಹೋಗಿತ್ತು. ಅಲ್ಯೂಮಿನಿಯಂ ಸ್ಟೇರಿಂಗ್ ಬಾಕ್ಸಿನಿಂದ ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಅಲೆಯುತ್ತಿತ್ತು, ಆಮೇಲೆ ಉಕ್ಕಿನದು ಹಾಕಿಕೊಟ್ಟರು. ಬಾಗಿಲು, ಬಾನೆಟ್ ಅಲ್ಯೂಮಿನಿಯಂ ಆದ್ದರಿಂದ ಕೀಲುಗಳ ಸುತ್ತ ಬಣ್ಣ ಗುಳ್ಳೆ ಎದ್ದಿದೆಯೇ ಬೆರಳಾಡಿಸಿ ನೋಡು. ಸ್ಟಾರ್ಟ್-ಸ್ಟಾಪ್‌ಗೆಂದು ಎರಡನೆಯ ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತರೆ ಏನೇನೋ ದೀಪ ಹತ್ತುತ್ತದೆ, ಗಾಬರಿ ಬೇಡ. ಇವೆಲ್ಲ ಸರಿಯಾಗಿರುವ ಜೆಎಲ್ ಚೆನ್ನಾದ ಗಾಡಿಯೇ.

ಜೆಕೆ ಇರಲಿ ಜೆಎಲ್ ಇರಲಿ, ಮುಂದಿನದು ಗಟ್ಟಿ ಆಕ್ಸಲ್. ಹೊಂಡಕ್ಕೆ ಬಿದ್ದಾಗ ಸ್ಟೇರಿಂಗ್ ಹಿಡಿಯಲಾಗದಷ್ಟು ಥರಥರ ನಡುಗುವ ರೋಗ ಇವಕ್ಕಿದೆ, ಡೆತ್ ವಾಬಲ್ ಅನ್ನುತ್ತಾರೆ. ನಡುಕ ತಗ್ಗಿಸುವ ಸ್ಟೇರಿಂಗ್ ಡ್ಯಾಂಪರ್ ಹೊಚ್ಚ ಹೊಸದು ಕಂಡರೆ ಅದನ್ನು ಮುಚ್ಚಲು ಹಾಕಿದ್ದಾರೆ ಅಂತಲೇ ಮೊದಲು ಶಂಕಿಸು. ನೋಡುವ ಕ್ರಮ ಹೀಗೆ: ಚಕ್ರ ನೆಲದ ಮೇಲೇ ಇರಲಿ, ಎಂಜಿನ್ ಚಾಲೂ ಇರಲಿ, ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡು. ಒಬ್ಬರು ಸ್ಟೇರಿಂಗನ್ನು ಚುರುಕಾಗಿ ಎಡಬಲಕ್ಕೆ ತುಸು ತುಸು ಆಡಿಸಲಿ, ನೀನು ಕೆಳಗಿನಿಂದ ಟ್ರ್ಯಾಕ್ ಬಾರಿನ ಎರಡೂ ತುದಿಯ ಬೋಲ್ಟ್ ಮೇಲೆ ಕಣ್ಣಿಡು. ಬೋಲ್ಟ್ ತನ್ನ ರಂಧ್ರದಲ್ಲಿ ಕೂದಲೆಳೆಯಷ್ಟು ಜರುಗಿದರೂ ಅದು ಸಡಿಲವಾಗಿದೆ, ಇಲ್ಲವೇ ರಂಧ್ರ ಮೊಟ್ಟೆಯಾಕಾರಕ್ಕೆ ಬಂದಿದೆ. ಸಡಿಲವಷ್ಟೇ ಆಗಿದ್ದರೆ ಜೆಕೆಯದನ್ನು ಸುಮಾರು 170 ನ್ಯೂಟನ್ ಮೀಟರಿಗೆ ಬಿಗಿದರೆ ಮುಗಿಯಿತು. ರಂಧ್ರ ಅಗಲವಾಗಿದ್ದರೆ ಬಿಗಿದು ಪ್ರಯೋಜನವಿಲ್ಲ. ಆಮೇಲೆ ಟೈ ರಾಡ್ ತುದಿ, ಬಾಲ್ ಜಾಯಿಂಟ್.

ದೊಡ್ಡ ಟೈರ್ ಹಾಕಿದ ಗಾಡಿಯ ಕಿಲೋಮೀಟರನ್ನು ಪೂರ್ತಿ ನಂಬಬೇಡ. 32 ಇಂಚಿನ ಜಾಗದಲ್ಲಿ 35 ಇಂಚು ಹಾಕಿ ಮೀಟರ್ ಸರಿಹೊಂದಿಸದಿದ್ದರೆ ಒಂದು ಲಕ್ಷ ತೋರಿಸುವಾಗ ಓಡಿರುವುದು ಒಂದು ಲಕ್ಷದ ಒಂಬತ್ತು ಸಾವಿರ. ಜೆಕೆಯ ಮುಂದಿನ ಡಾನಾ 30 ಆಕ್ಸಲ್ಲಿನ ತುದಿಯ ಕವಲು ಇಂಥ ಭಾರಕ್ಕೆ ಬಾಗುತ್ತದೆ. ಮುಂದಿನ ಟೈರ್ ಒಳಗಡೆ ಮಾತ್ರ ಸವೆದಿದ್ದರೆ ಅದೇ ಸೂಚನೆ. ಡಿಫರೆನ್ಷಿಯಲ್‌ನ ಆಯಿಲ್ ತುಂಬುವ ಬಿರಡೆ ಬಿಚ್ಚಿ ಬೆರಳು ಹಾಕು. ಬೆಳ್ಳಗೆ ಬಂದರೆ ನೀರು ಹೊಕ್ಕಿದೆ, ಹೊಳೆ ದಾಟಿಸಿ ಹಾಗೇ ಬಿಟ್ಟಿದ್ದಾರೆ.

ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆ ತೆವಳುವ ಗೇರು, ಹಾಕಿ ನೋಡದೆ ಯಾವುದನ್ನೂ ಕೊಳ್ಳಬೇಡ. ಮಣ್ಣಿನ ಜಾಗಕ್ಕೆ ಒಯ್ದು, ಗಾಡಿ ಗಂಟೆಗೆ ಮೂರರಿಂದ ಐದು ಕಿಲೋಮೀಟರಿನಲ್ಲಿ ತೆವಳುತ್ತಿರುವಾಗ ಗೇರನ್ನು ನ್ಯೂಟ್ರಲ್‌ಗೆ ತಂದು ಟ್ರಾನ್ಸ್‌ಫರ್ ಕೇಸಿನ ಸನ್ನೆಯನ್ನು ಒಂದೇ ಸಲ ಗಟ್ಟಿಯಾಗಿ ಎಳೆ. ಒಣ ಟಾರಿನ ಮೇಲೆ ಬೇಡ, ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ತಿರುಚಿಕೊಂಡು ಹಿಡಿಯುತ್ತವೆ. ರೂಬಿಕಾನ್ ಆದರೆ ಲಾಕರ್ ಗುಂಡಿ ಒತ್ತಿ ಸ್ವಲ್ಪ ಮುಂದೆ ಹಿಂದೆ ಓಡಿಸು. ಮಿನುಗುತ್ತಿದ್ದ ದೀಪ ಸ್ಥಿರವಾಗಬೇಕು. ಮಿನುಗುತ್ತಲೇ ಉಳಿದರೆ ಲಾಕ್ ಆಗಿಲ್ಲ, ಇಲ್ಲವೇ ಸೆನ್ಸರ್ ಕೆಟ್ಟಿದೆ.

ನಿನ್ನ ನಾಲ್ಕರಲ್ಲಿ ಯಾವುದು ಅಂತ ಕೇಳಿದರೆ, ನಿನ್ನ ಪಟ್ಟಿಯಲ್ಲೇ ಇಲ್ಲದ 2014ರಿಂದ 2017ರ ನಡುವಿನ ಜೆಕೆ ರೂಬಿಕಾನ್ ಅನ್ನುತ್ತೇನೆ. ಹೆಡ್ಡಿನ ತೊಂದರೆ ಮುಗಿದಿತ್ತು, ಅದೇ ಎಂಜಿನ್, ಅದೇ ಗೇರ್‌ಬಾಕ್ಸ್, ಬಿಡಿಭಾಗ ಹೇರಳ. ಸಿಗದಿದ್ದರೆ ಹೆಡ್ ಬದಲಾದ 2012. 2006ರದ್ದನ್ನು ಕೈಬಿಡಲು ಮನಸ್ಸಿಲ್ಲ ಅಂದರೆ ಛಾಸಿಯ ಒಳಭಾಗದ ಫೋಟೋ, ಸುತ್ತಿಗೆ ಬಡಿದ ವಿಡಿಯೋ, ಆ ಆಯಿಲ್ ಪಂಪ್ ಡ್ರೈವಿನ ಬಿಲ್, ಮೂರನ್ನೂ ನನಗೆ ಕಳಿಸಿದ ಮೇಲೆ ಮಾತಾಡೋಣ. ನೋಡಲು ಹೋಗುವಾಗ ಟಾರ್ಚ್, ಸುತ್ತಿಗೆ, ಸ್ಕ್ರೂಡ್ರೈವರ್, ಸ್ಕ್ಯಾನರ್, ಹಳೆಯ ಬಟ್ಟೆ ಇಟ್ಟುಕೋ. ಬೆಳಗ್ಗೆಯಿಂದ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿರು, ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡು.

ಇಂತಿ,
ನಿನ್ನ ಚಿಕ್ಕಪ್ಪ