64-ಬಿಟ್ ಕಂಪ್ಯೂಟರ್‌ನೊಂದಿಗೆ ಸಿಂಕ್ ಆಗದ ಆರ್ಗನೈಸರ್ ಕುರಿತು ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ತಮ್ಮ ಅಂಗೈ ಆರ್ಗನೈಸರ್ ಮನೆಯ ಕಂಪ್ಯೂಟರ್‌ಗೆ ಹೊಂದದಿರುವುದು ಮತ್ತು ಸಹಾಯವಾಣಿ ಕೊಟ್ಟ ಸಲಹೆಗಳು.

ತಮ್ಮ ಸಂಸ್ಥೆ ತಯಾರಿಸಿದ, ವಿಳಾಸ ಮತ್ತು ದಿನಚರಿ ಬರೆದಿಡುವ ಅಂಗೈ ಆರ್ಗನೈಸರ್ ಒಂದನ್ನು ನಾನು ಖರೀದಿಸಿದ್ದು, ಅದು ನನ್ನ ಮನೆಯ ಕಂಪ್ಯೂಟರ್‌ನೊಂದಿಗೆ ಸಿಂಕ್ ಆಗುತ್ತಿಲ್ಲ, ಅಂದರೆ ಎರಡರಲ್ಲಿನ ಮಾಹಿತಿ ಒಂದಕ್ಕೊಂದು ಸರಿಹೊಂದುತ್ತಿಲ್ಲ. ಕಂಪ್ಯೂಟರ್‌ನಲ್ಲಿರುವುದು ವಿಂಡೋಸ್ ವಿಸ್ಟಾದ 64-ಬಿಟ್ ಆವೃತ್ತಿ, ಅಂದರೆ 32-ಬಿಟ್ ಆವೃತ್ತಿಗಿಂತ ಹೆಚ್ಚು ಮೆಮೊರಿ ಬಳಸಬಲ್ಲದ್ದು. ಆರ್ಗನೈಸರ್‌ನ ಪೆಟ್ಟಿಗೆಯ ಮೇಲೆ ವಿಸ್ಟಾಗೆ ಹೊಂದುತ್ತದೆ ಎಂದು ಅಚ್ಚಾಗಿದೆ. 32-ಬಿಟ್‌ಗೆ ಮಾತ್ರ ಎಂಬ ಮಾತು ಪೆಟ್ಟಿಗೆಯ ಯಾವ ಮಗ್ಗುಲಲ್ಲೂ ಇಲ್ಲ, ಒಳಗಿನ ಕೈಪಿಡಿಯಲ್ಲೂ ಇಲ್ಲ. ಸಹಾಯವಾಣಿಗೆ ಫೋನಿನಲ್ಲೂ ಇಮೇಲ್‌ನಲ್ಲೂ ವಿವರಿಸಿ ಫಲ ಸಿಗದ ಕಾರಣ ಈ ಪತ್ರ ಬರೆಯಬೇಕಾಗಿದೆ.

ಆಗುವುದು ಇಷ್ಟು. ಸಿ.ಡಿ.ಯಲ್ಲಿರುವ ತಂತ್ರಾಂಶ ಯಾವ ತಕರಾರೂ ಇಲ್ಲದೆ ಇನ್‌ಸ್ಟಾಲ್ ಆಗಿ, ಎಲ್ಲವೂ ಯಶಸ್ವಿಯಾಗಿ ಮುಗಿಯಿತೆಂದು ಹೇಳುತ್ತದೆ. ವಿಳಾಸ ಪಟ್ಟಿ, ದಿನಚರಿ, ಮಾಡಬೇಕಾದ ಕೆಲಸಗಳ ಪಟ್ಟಿ ತೆರೆದುಕೊಳ್ಳುತ್ತವೆ, ಖಾಲಿಯಾಗಿ. ಆರ್ಗನೈಸರನ್ನು ಕ್ರೇಡಲ್‌ನಲ್ಲಿ (ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸುವ ಪೀಠದಲ್ಲಿ) ಕೂರಿಸಿ ಸಿಂಕ್ ಗುಂಡಿ ಒತ್ತಿದರೆ ‘ಸಂಪರ್ಕಿಸಲಾಗುತ್ತಿದೆ’ ಎಂಬ ಸಂದೇಶ ಬಹಳ ಹೊತ್ತು ಮಿಟುಕಿ, ಕೊನೆಗೆ ಕೇಬಲ್ ಪರೀಕ್ಷಿಸಿ ಎಂದು ಕೈಚೆಲ್ಲುತ್ತದೆ. ಅತ್ತ ಕಂಪ್ಯೂಟರ್‌ನಲ್ಲಿ ಜೋಡಿಸಿದ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು ನೋಡಿದರೆ, ಗುಂಡಿ ಒತ್ತಿದ ಕ್ಷಣಕ್ಕೆ ‘ಅಪರಿಚಿತ ಸಾಧನ’ ಎಂಬ ಸಾಲೊಂದು ಹಳದಿ ಬಣ್ಣದ ಆಶ್ಚರ್ಯಸೂಚಕ ಚಿಹ್ನೆಯೊಂದಿಗೆ ಮೂಡಿ, ಆರ್ಗನೈಸರ್ ಕೈಬಿಟ್ಟೊಡನೆ ಮಾಯವಾಗುತ್ತದೆ. ಅಂದರೆ ಬಾಗಿಲು ತಟ್ಟಿದ್ದು ಕಂಪ್ಯೂಟರ್‌ಗೆ ಕೇಳಿಸುತ್ತಿದೆ, ಬಂದವರು ಯಾರೆಂದು ಮಾತ್ರ ಗೊತ್ತಾಗುತ್ತಿಲ್ಲ. ಇದೇ ಕ್ರೇಡಲ್ಲನ್ನು ಇದೇ ಕೇಬಲ್‌ನಿಂದ ಕಚೇರಿಯ 32-ಬಿಟ್ ಕಂಪ್ಯೂಟರ್‌ಗೆ ಜೋಡಿಸಿದಾಗ ಆರ್ಗನೈಸರ್ ತಕ್ಷಣ ಗುರುತು ಹಿಡಿಸಿಕೊಂಡಿತು. ಆದರೆ ನನ್ನ ಮನೆಮಂದಿಯ ವಿಳಾಸಗಳನ್ನೂ ವೈದ್ಯರ ಭೇಟಿಯ ದಿನಾಂಕಗಳನ್ನೂ ಕಚೇರಿಯ ಕಂಪ್ಯೂಟರ್‌ನಲ್ಲಿ ತುಂಬಿಡಲು ನಾನು ತಯಾರಿಲ್ಲ. ಕೇಬಲ್ ಬದಲಿಸಿ ನೋಡಿ ಎಂಬ ಉತ್ತರವನ್ನು ದಯವಿಟ್ಟು ಮತ್ತೆ ಕಳುಹಿಸಬೇಡಿ.

ದೋಷ ಇರುವುದು ತಮ್ಮ ಯು.ಎಸ್.ಬಿ. ಡ್ರೈವರ್‌ನಲ್ಲಿ, ಅಂದರೆ ಆರ್ಗನೈಸರ್ ಜೊತೆ ಮಾತಾಡಲು ವಿಂಡೋಸ್‌ಗೆ ನೆರವಾಗುವ ತಂತ್ರಾಂಶದಲ್ಲಿ. 64-ಬಿಟ್ ವಿಂಡೋಸ್ 32-ಬಿಟ್‌ನ ಸಾಮಾನ್ಯ ತಂತ್ರಾಂಶಗಳನ್ನು ಓಡಿಸಬಲ್ಲದು. ಅದಕ್ಕೆಂದೇ ಅದರೊಳಗೆ ವಾವ್64 ಎಂಬ ಪದರವಿದೆ, ತಮ್ಮ ವಿಳಾಸ ಪಟ್ಟಿ ತೆರೆದುಕೊಳ್ಳುವುದೂ ಅದರ ಕೃಪೆಯಿಂದಲೇ. ಆದರೆ ಕರ್ನೆಲ್ ಎಂಬ ವಿಂಡೋಸ್‌ನ ತಿರುಳಿನೊಳಗೆ ಕೆಲಸ ಮಾಡುವ ಡ್ರೈವರ್‌ಗಳಿಗೆ ಆ ಅನುಕೂಲವಿಲ್ಲ: ಅವು 64-ಬಿಟ್‌ಗೆಂದೇ ಸಿದ್ಧವಾಗಿರಬೇಕು, ವಿಸ್ಟಾದಲ್ಲಂತೂ ಅವಕ್ಕೆ, ತಯಾರಿಸಿದವರು ಯಾರೆಂದು ದೃಢಪಡಿಸುವ ಡಿಜಿಟಲ್ ಸಹಿಯೂ ಇರಬೇಕು. ತಾವು ಕೊಟ್ಟಿರುವುದು 32-ಬಿಟ್ ಡ್ರೈವರ್. ಇದು ಇದ್ದಕ್ಕಿದ್ದಂತೆ ಬಂದೆರಗಿದ ಬದಲಾವಣೆಯೇನಲ್ಲ. ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್‌ನ 64-ಬಿಟ್ ಆವೃತ್ತಿ 2005ರ ಏಪ್ರಿಲ್‌ನಲ್ಲೇ ಹೊರಬಂದಿತ್ತು, ವಿಸ್ಟಾ 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂತು. ಮನೆಬಳಕೆಯ 32-ಬಿಟ್ ವಿಂಡೋಸ್ 4 ಗಿಗಾಬೈಟ್ ಮೆಮೊರಿಯನ್ನು ದಾಟಲಾರದು ಎಂದಮೇಲೆ ಮನೆಯ ಕಂಪ್ಯೂಟರ್‌ಗಳು ಯಾವ ಕಡೆ ಹೊರಳುತ್ತವೆಂದು ಇದೇ ಉದ್ಯಮದಲ್ಲಿರುವ ತಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೊಸ ಡ್ರೈವರ್ ಬರೆಸದಿರುವುದು ತಮ್ಮ ವ್ಯಾಪಾರದ ತೀರ್ಮಾನವಿರಬಹುದು. ಆ ತೀರ್ಮಾನವನ್ನು ಕೊಳ್ಳುವವರಿಗೆ ತಿಳಿಸದೆ ಸರಕು ಮಾರಿದ್ದಕ್ಕೆ ನನ್ನ ಆಕ್ಷೇಪವಿದೆ.

ಇನ್ನು ಸಹಾಯವಾಣಿಯ ವಿಷಯ. ಮೊದಲು ಬಂದ ಸಲಹೆ, ಕೇಬಲ್ ಬಿಟ್ಟು ಇನ್‌ಫ್ರಾರೆಡ್ ಮೂಲಕ ಸಿಂಕ್ ಮಾಡಿಕೊಳ್ಳಿ ಎಂಬುದು. ನನ್ನ ಕಂಪ್ಯೂಟರ್‌ನಲ್ಲಿ ಇನ್‌ಫ್ರಾರೆಡ್ ಕಿಂಡಿ ಇಲ್ಲ, ಅದಕ್ಕೆಂದು ಯು.ಎಸ್.ಬಿ. ಅಡಾಪ್ಟರ್ ಕೊಂಡರೆ ಅದಕ್ಕೂ ಒಂದು 64-ಬಿಟ್ ಡ್ರೈವರ್ ಬೇಕು, ಹೀಗೆ ಮತ್ತೆ ಅದೇ ಕಡೆಗೆ ಬಂದು ನಿಲ್ಲುತ್ತೇವೆ. ಎರಡನೆಯ ಸಲಹೆ, ವಿಂಡೋಸ್‌ನೊಳಗೆ ಇನ್ನೊಂದು 32-ಬಿಟ್ ವಿಂಡೋಸನ್ನು ವರ್ಚುವಲ್ ಯಂತ್ರವಾಗಿ ಓಡಿಸಿ ಎಂಬುದು. ಆ ಎರಡನೆಯ ವಿಂಡೋಸ್‌ಗೆ ಬೇಕಾದ ಲೈಸೆನ್ಸಿನ ಹಣ ಯಾರು ಕೊಡುತ್ತಾರೆಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಮೂರನೆಯದು ಮೆಮೊರಿ ಕಾರ್ಡ್‌ಗೆ ನಕಲು ಮಾಡಿಕೊಳ್ಳುವುದು. ನಕಲು ಬೇರೆ, ಸಿಂಕ್ ಬೇರೆ. ಸಿಂಕ್ ಆಗುವಾಗ ಎರಡೂ ಕಡೆಯ ನಮೂದುಗಳನ್ನು ಒಂದೊಂದಾಗಿ ಹೋಲಿಸಿ, ಇಲ್ಲಿ ತಿದ್ದಿದ್ದನ್ನು ಅಲ್ಲಿ ತಿದ್ದಿ, ಅಲ್ಲಿ ಅಳಿಸಿದ್ದನ್ನು ಇಲ್ಲಿ ಅಳಿಸಿ, ಎರಡೂ ಕಡೆ ಬದಲಾಗಿದ್ದರೆ ಯಾವುದನ್ನು ಉಳಿಸಬೇಕೆಂದು ಕೇಳುವ ವ್ಯವಸ್ಥೆ ಇರುತ್ತದೆ. ಕಾರ್ಡ್‌ಗೆ ಹೋಗುವ ನಕಲಿನಲ್ಲಿ ಇದಾವುದೂ ಇಲ್ಲ. ಸಾಲದ್ದಕ್ಕೆ ಆ ಕಡತ ತಮ್ಮದೇ ರೂಪದಲ್ಲಿದ್ದು, ಬೇರೆ ಯಾವ ವಿಳಾಸ ಪುಸ್ತಕವೂ ಅದನ್ನು ಓದುವುದಿಲ್ಲ. ವಿಳಾಸಗಳಿಗೆ ವಿಕಾರ್ಡ್ ಮತ್ತು ದಿನಚರಿಗೆ ಐಕ್ಯಾಲೆಂಡರ್ ಎಂಬ ಮುಕ್ತ ರೂಪಗಳು 1998ರಿಂದಲೇ ಇಂಟರ್‌ನೆಟ್ ಮಾನಕಗಳಾಗಿ ಪ್ರಕಟವಾಗಿರುವಾಗ, ನನ್ನದೇ ಮಾಹಿತಿಯನ್ನು ಆ ರೂಪದಲ್ಲಿ ಹೊರತೆಗೆಯುವ ದಾರಿಯನ್ನು ತಾವು ಏಕೆ ಕೊಟ್ಟಿಲ್ಲವೆಂಬುದು ನನಗೆ ಅರ್ಥವಾಗುತ್ತಿಲ್ಲ.

ಆದರೆ ಕೊನೆಯ ಸಲಹೆಯ ಮುಂದೆ ಇವೆಲ್ಲ ಏನೂ ಅಲ್ಲ. ತಮ್ಮ ಪ್ರತಿನಿಧಿ ಹಾರ್ಡ್ ರೀಸೆಟ್ ಮಾಡಿ ನೋಡಿ ಎಂದು ಇಮೇಲ್‌ನಲ್ಲಿ ಬರೆದರು. ಹಾರ್ಡ್ ರೀಸೆಟ್ ಮಾಡಿದರೆ ಆರ್ಗನೈಸರ್‌ನಲ್ಲಿ ನಾನು ಸೇರಿಸಿದ್ದೆಲ್ಲವೂ ಅಳಿಸಿಹೋಗುತ್ತದೆ. ಬೇರೆಡೆ, ಸಾಮಾನ್ಯವಾಗಿ ಸಿಂಕ್ ಮಾಡಿದ ಕಂಪ್ಯೂಟರ್‌ನಲ್ಲಿ, ಅದರ ನಕಲು ಇದ್ದರೆ ಮಾತ್ರ ಅದನ್ನು ಮತ್ತೆ ತುಂಬಿಸಿಕೊಳ್ಳಬಹುದು. ಸಿಂಕ್ ಆಗುವುದೇ ಇಲ್ಲ ಎಂದು ದೂರು ಕೊಟ್ಟವರಿಗೆ ಈ ಸಲಹೆ ಕೊಡುವುದೆಂದರೇನು? ಆ ಇಮೇಲ್‌ನಲ್ಲಿ ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ. ನನಗೆ ವಿಷಯ ಗೊತ್ತಿದ್ದರಿಂದ ನಾನು ಅದನ್ನು ಮಾಡಲಿಲ್ಲ. ಗೊತ್ತಿಲ್ಲದೆ ಮಾಡಿ ಎಲ್ಲವನ್ನೂ ಕಳೆದುಕೊಂಡವರು ಇರಲಾರರು ಎಂದು ನಂಬುವುದು ಕಷ್ಟ.

ಆದುದರಿಂದ ಡಿಜಿಟಲ್ ಸಹಿಯುಳ್ಳ 64-ಬಿಟ್ ಡ್ರೈವರನ್ನು ಯಾವ ದಿನಾಂಕದೊಳಗೆ ಒದಗಿಸುತ್ತೀರೆಂದು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ. ಒದಗಿಸುವ ಉದ್ದೇಶವಿಲ್ಲವಾದರೆ ಅದನ್ನೂ ನೇರವಾಗಿ ಹೇಳಿ, ಆರ್ಗನೈಸರನ್ನು ಕ್ರೇಡಲ್ ಸಮೇತ ಹಿಂಪಡೆದು ಪೂರ್ತಿ ಹಣ ಮರಳಿಸಬೇಕು. ಹಿಂಪಡೆಯುವ ಮುನ್ನ ಅದರಲ್ಲಿರುವ ನನ್ನ ವಿಳಾಸ ಪಟ್ಟಿ ಮತ್ತು ದಿನಚರಿಯನ್ನು ಮುಕ್ತ ರೂಪದ ಕಡತಗಳಾಗಿ ತೆಗೆದುಕೊಳ್ಳುವ ಸಾಧನವನ್ನು ಕೊಡಬೇಕು. ರಿಯಾಯಿತಿ ಕೂಪನ್ ಅಥವಾ ಇದೇ ಡ್ರೈವರ್ ಬಳಸುವ ಹೊಸ ಮಾದರಿಯ ವಿನಿಮಯ ನನಗೆ ಬೇಡ. ಪೆಟ್ಟಿಗೆಯ ಮೇಲಿನ ಬರಹವನ್ನು ತಿದ್ದುವುದಕ್ಕೆ ತಮಗೆ ಸಮಯ ಬೇಕಾಗಬಹುದು, ಆದರೆ ಬ್ಯಾಕಪ್ ಇದೆಯೇ ಎಂದು ಕೇಳದೆ ಹಾರ್ಡ್ ರೀಸೆಟ್ ಸೂಚಿಸಬಾರದೆಂದು ಸಹಾಯವಾಣಿಯವರಿಗೆ ಇಂದೇ ತಿಳಿಸಬಹುದು.

ಉತ್ತರವನ್ನು ಸಹಾಯವಾಣಿಯ ಮೂಲಕವಲ್ಲದೆ ತಮ್ಮ ವಿಭಾಗದಿಂದಲೇ ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಅಡಕ: ಖರೀದಿ ರಸೀದಿಯ ಪ್ರತಿ, ಪೆಟ್ಟಿಗೆಯ ಮೇಲಿನ ಬರಹದ ಛಾಯಾಚಿತ್ರ, ಡಿವೈಸ್ ಮ್ಯಾನೇಜರ್ ಪರದೆಯ ಚಿತ್ರ, ಸಹಾಯವಾಣಿಯಿಂದ ಬಂದ ಇಮೇಲ್‌ಗಳ ಪ್ರತಿಗಳು.